ಗೈಡ್ ಲಕ್ಷಣ ಸಂಗ್ರಹ: ಮೈಸೂರು ಕಾಂಡ

ಸಂಪ್ರದಾಯದ ಪ್ರಕಾರ ಫಲಶ್ರುತಿ ಗ್ರಂಥದ ಕೊನೆಯಲ್ಲಿ ಬರಬೇಕು. ಇಲ್ಲಿ ಅದನ್ನು ಮೊದಲಿಗೇ ಇಟ್ಟಿದೆ. ಕಾರಣವಿಷ್ಟೆ: ಗೈಡಿನ ಹಿಂದೆ ಹೊರಟ ಗುಂಪು ಕೊನೆಯ ಕೋಣೆ ಮುಟ್ಟುವಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತದೆ, ಗೈಡುಗಳ ಮೇಲೆ ಬರೆದ ಗ್ರಂಥದ ಓದುಗರ ಗತಿ ಬೇರೆಯಾದೀತು ಎಂದು ನಂಬಲು ಆಧಾರವಿಲ್ಲ. ಆದ್ದರಿಂದ ಇದನ್ನು ಓದಿದವರಿಗೆ ಅರಮನೆಯ ವರಾಹ ದ್ವಾರದ ಬಳಿ ಮೋಸವಾಗದು, ಚಪ್ಪಲಿ ಟೋಕನ್ ಕಳೆಯದು, ದಸರೆಗೆಂದು ಬೆಂಗಳೂರಿನಿಂದ ಬಂದಿಳಿದ ಷಡ್ಡಕನ ಎದುರು ಮಾನ ಹೋಗದು ಎಂದು ಈಗಲೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಲಕ್ಷಣ ಪ್ರಕರಣ

ಗೈಡ್ ಎಂದರೆ ಯಾರು? ಯಾವ ಲಕ್ಷಣವನ್ನೇ ಹೇಳಲಿ, ಅದಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಟ್ಟಬಾರದು ಎಂದು ತಾರ್ಕಿಕರು ವಿಧಿಸಿದ್ದಾರೆ. 'ಹಳೆಯ ಮನೆಯೊಳಗೆ ಮುಂದೆ ನಡೆಯುತ್ತ ಹಿಂದಿರುವವರಿಗೆ ಮಾತಾಡುವವರು ಗೈಡ್' ಎಂದರೆ ಅತಿವ್ಯಾಪ್ತಿ. ಊಟಿ ಬಸ್ಸು ತಪ್ಪೀತೆಂದು ಹೆಂಡತಿ ಮಕ್ಕಳ ಮೇಲೆ ರೇಗುತ್ತ ಬಾಗಿಲಿನತ್ತ ಧಾವಿಸುವ ಗೃಹಸ್ಥನೂ ಅದರೊಳಗೆ ಸೇರಿಬಿಡುತ್ತಾನೆ. 'ಕೊರಳಿಗೆ ಸರ್ಕಾರದ ಗುರುತಿನ ಚೀಟಿ ಹಾಕಿಕೊಂಡವರು' ಎಂದರೆ ಅವ್ಯಾಪ್ತಿ; ಆಟೋದವರು, ಟಾಂಗಾದವರು, ಸೋದರಮಾವಂದಿರು ಹೊರಗುಳಿಯುತ್ತಾರೆ. 'ನಿಜವನ್ನೇ ನುಡಿಯುವವರು' ಎಂದರೆ ಅಸಂಭವ.

ದೋಷವಿಲ್ಲದ ಲಕ್ಷಣ ಒಂದೇ ಒಂದು: 'ಗೊತ್ತಿಲ್ಲ' ಎನ್ನದವರು ಗೈಡ್. ಇದರ ಮೂಲಪುರುಷ ಆರ್.ಕೆ. ನಾರಾಯಣ್ ಅವರ 'ದ ಗೈಡ್' ಕಾದಂಬರಿಯ ರೈಲ್ವೆ ರಾಜು. 1958ರಲ್ಲಿ ಪ್ರಕಟವಾಗಿ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕೃತಿಯಲ್ಲಿ ರಾಜು ತನ್ನ ವೃತ್ತಿಯ ಗುಟ್ಟನ್ನು ತಾನೇ ಬಿಚ್ಚಿಡುತ್ತಾನೆ. ಪ್ರವಾಸಿ ಕೇಳಿದ್ದಕ್ಕೆ ಗೊತ್ತಿಲ್ಲ ಎಂದವನಲ್ಲ ಅವನು. ಹಾಳು ಗುಡಿಯ ವಯಸ್ಸು ಕೇಳಿದರೆ ಆ ಹೊತ್ತಿನ ಮನಸ್ಸಿಗೆ ತಕ್ಕಂತೆ ಒಂದು ಅಂಕಿ ಹೇಳುವವನು. ಮಾಲ್ಗುಡಿ ಕಲ್ಪನೆಯ ಊರಾದ್ದರಿಂದ ಅಲ್ಲಿನ ಗುಡಿಗಳ ವಯಸ್ಸನ್ನು ತಿದ್ದಲು ಪುರಾತತ್ವ ಇಲಾಖೆಯವರು ಬರುವಂತಿಲ್ಲ. ಮೈಸೂರಿನ ಗೈಡುಗಳಿಗೆ ಈ ಸೌಕರ್ಯವಿಲ್ಲ. ಅವರು ಇರುವ ಅರಮನೆಯನ್ನೇ ತೋರಿಸಬೇಕು.

ಗೃಹ ಪ್ರಕರಣ

ಇಲ್ಲಿ ಪೂರ್ವಪಕ್ಷದವರ ಒಂದು ಆಕ್ಷೇಪವಿದೆ. ಅರಮನೆಯನ್ನು ಮನೆ ಎನ್ನಬಹುದೇ? 245 ಅಡಿ ಉದ್ದ, 156 ಅಡಿ ಅಗಲ, 145 ಅಡಿಯ ಗೋಪುರ, ಮೇಲೊಂದು ಚಿನ್ನದ ಕಳಶ ಇರುವುದನ್ನು ಮನೆ ಎಂದರೆ ಕುವೆಂಪುನಗರದಲ್ಲಿ ಮೂವತ್ತು-ನಲವತ್ತು ಸೈಟಿನಲ್ಲಿರುವುದನ್ನು ಏನೆನ್ನಬೇಕು?

ಸಮಾಧಾನ ಹೀಗಿದೆ. ಮನೆ ಸುಟ್ಟುಹೋಯಿತೆಂದು ಮತ್ತೆ ಕಟ್ಟಿಸಿಕೊಂಡದ್ದು ಮನೆಯೇ. 1897ರ ಫೆಬ್ರವರಿಯಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮ ನಡೆದಿರುವಾಗಲೇ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಆಗಿನ್ನೂ ಹನ್ನೆರಡರ ಹುಡುಗ. ರಾಜ್ಯಭಾರ ನೋಡಿಕೊಳ್ಳುತ್ತಿದ್ದವರು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಗಂಡ ತೀರಿಕೊಂಡು ಮೂರು ವರ್ಷವೂ ಆಗಿರಲಿಲ್ಲ. ಮಗಳ ಮದುವೆ, ಎಳೆಯ ಮಗ, ಸುಟ್ಟ ಮನೆ. ಸಂಸಾರವನ್ನು ಕಟ್ಟಿಕೊಂಡು ಅವರು ಜಗನ್ಮೋಹನ ಅರಮನೆಯಲ್ಲಿ ಉಳಿದರು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯಿಂದ ನಕಾಶೆ ಹಾಕಿಸಿದರು. ಈ ಸಲ ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣ. ಕೆಲಸ ಮುಗಿದದ್ದು 1912ರಲ್ಲಿ. ಹದಿನೈದು ವರ್ಷ ಗಾರೆ ಕೆಲಸ ನಡೆಸಿದ ಮೇಲೆ ಅದು ಮನೆಯಲ್ಲ ಎಂದು ಆ ತಾಯಿಯ ಎದುರು ಹೇಳುವ ಧೈರ್ಯ ಯಾವ ಪೂರ್ವಪಕ್ಷದವರಿಗಾದರೂ ಇದ್ದರೆ ಹೇಳಲಿ.

ಗೈಡುಗಳ ಬಾಯಲ್ಲಿ ಮಾತ್ರ ಅರಮನೆ ಕಟ್ಟಿಸಿದವರು ನಾಲ್ವಡಿಯವರೇ. ಕನ್ನಂಬಾಡಿ, ಆಸ್ಪತ್ರೆ, ವಿಶ್ವವಿದ್ಯಾಲಯ ಎಲ್ಲವೂ ಆ ಪುಣ್ಯಾತ್ಮರ ಖಾತೆಗೇ ಜಮಾ ಆಗಿರುವಾಗ ಇದೊಂದನ್ನು ತಾಯಿಯ ಹೆಸರಿಗೆ ಬರೆಯಲು ಅವರಿಗೆ ಪುರಸೊತ್ತಿಲ್ಲ. ಕೆಂಪನಂಜಮ್ಮಣ್ಣಿಯವರಿಗೆ ಸಿಗುವುದು ಒಂದು ಭಾವಚಿತ್ರ ದಾಟುವಷ್ಟು ಹೊತ್ತು, ಒಂದು ವಾಕ್ಯ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಶಾಖಾ ಪ್ರಕರಣ

ಗೈಡುಗಳಲ್ಲಿ ಪ್ರಧಾನ ಶಾಖೆಗಳು ಐದು, ಉಪಶಾಖೆಗಳು ಅಸಂಖ್ಯ. ಒಬ್ಬರೇ ಗೈಡ್ ಕಲ್ಯಾಣ ಮಂಟಪದಲ್ಲಿ ಒಂದು ಶಾಖೆಗೂ ದರ್ಬಾರ್ ಹಾಲಿನಲ್ಲಿ ಇನ್ನೊಂದಕ್ಕೂ ಸೇರಬಹುದು. ಇದು ಸಂಕರವಲ್ಲ, ಅನುಭವ.

ಮೊದಲನೆಯವರು ಸಂಖ್ಯಾವಾದಿಗಳು. ಸಾಂಖ್ಯರೊಡನೆ ಇವರನ್ನು ಬೆರೆಸಬಾರದು. ಸಾಂಖ್ಯರದ್ದು ಇಪ್ಪತ್ತೈದು ತತ್ತ್ವಕ್ಕೆ ಮುಗಿಯಿತು, ಇವರದ್ದು ಮುಗಿಯುವುದಿಲ್ಲ. ಅಂಬಾರಿಯ ತೂಕ 750 ಕೆಜಿ, ಭಾನುವಾರ ಸಂಜೆ ಹೊತ್ತುವ ಬಲ್ಬು ಸುಮಾರು ಒಂದು ಲಕ್ಷ, ಜಂಬೂಸವಾರಿಯ ಚಿತ್ರಫಲಕ 26. ಇವರ ಕಿರೀಟಮಣಿ ಅರಮನೆಯ ಖರ್ಚು: 41,47,913 ರೂಪಾಯಿ. ಈ ಅಂಕಿಯ ಶಕ್ತಿ ಇರುವುದು ಲಕ್ಷಗಳಲ್ಲಲ್ಲ, ಕೊನೆಯ ಹದಿಮೂರು ರೂಪಾಯಿಯಲ್ಲಿ. ನಲವತ್ತೊಂದೂವರೆ ಲಕ್ಷ ಎಂದಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. 'ಒಂಬೈನೂರ ಹದಿಮೂರು ರೂಪಾಯಿ' ಎಂದ ಕೂಡಲೇ ಹಿಂದಿನ ಸಾಲಿನಲ್ಲಿದ್ದ ಅಕೌಂಟ್ಸ್ ಕಡೆಯವರೊಬ್ಬರು ಹತ್ತಿರ ಬರುತ್ತಾರೆ. ಲೆಕ್ಕ ಇಟ್ಟವರು ಯಾರೋ ಇದ್ದಿರಬೇಕು, ವೋಚರ್ ಇದ್ದಿರಬೇಕು ಎಂದು ಅವರ ಮುಖ ಹೇಳುತ್ತದೆ. ಅಂಬಾರಿಗೆ ಹೊದಿಸಿದ ಚಿನ್ನದ ವಿಷಯದಲ್ಲಿ ಈ ಶಿಸ್ತು ಸಡಿಲ. ಒಬ್ಬರು 80 ಕೆಜಿ, ಇನ್ನೊಬ್ಬರು 84, ಮತ್ತೊಬ್ಬರು 85. ಚಿನ್ನದ ದರ ಏರಿದಂತೆ ತೂಕವೂ ಏರುತ್ತದೋ ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ.

ಎರಡನೆಯವರು ದೇಶಾಂತರವಾದಿಗಳು. ಒಂದು ವಸ್ತುವಿನ ಘನತೆ ಅದು ಎಷ್ಟು ದೂರದಿಂದ ಬಂತು ಎಂಬುದರ ಮೇಲೆ ನಿಂತಿದೆ ಎಂಬುದು ಇವರ ಸಿದ್ಧಾಂತ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿ, ಅದನ್ನು ಹೊತ್ತ ಎರಕದ ಕಬ್ಬಿಣದ ಕಂಬ ಗ್ಲಾಸ್ಗೋದಿಂದ, ನೆಲದ ಟೈಲ್ಸ್ ಇಂಗ್ಲೆಂಡಿನಿಂದ, ತೂಗುದೀಪ ಚೆಕೊಸ್ಲೊವಾಕಿಯಾದಿಂದ. ಈ ಕೊನೆಯದರ ಬಳಿ ಸ್ವಲ್ಪ ನಿಲ್ಲಬೇಕು. ಚೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಿದ್ದು 1918ರಲ್ಲಿ. ಅರಮನೆಯ ಕೆಲಸ ಮುಗಿದದ್ದು 1912ರಲ್ಲಿ. ಅಂದರೆ ದೀಪಗಳು ತಮ್ಮ ದೇಶಕ್ಕಿಂತ ಮೊದಲು ಮೈಸೂರು ತಲುಪಿದವೋ, ದೇಶ ಹುಟ್ಟಲಿ ಎಂದು ಕಾದು ಆಮೇಲೆ ಬಂದವೋ, ಭಾಷ್ಯಕಾರರು ಇತ್ಯರ್ಥ ಮಾಡಬೇಕು. 1993ರ ಜನವರಿ 1ಕ್ಕೆ ಆ ದೇಶ ಎರಡಾಯಿತು. ಭೂಪಟದಿಂದ ಹೋದರೂ ಮೈಸೂರಿನ ಗೈಡುಗಳ ಬಾಯಲ್ಲಿ ಅದು ಇಂದಿಗೂ ಅಖಂಡವಾಗಿದೆ. ತೂಗುದೀಪದ ಕೆಳಗಿನ ಆ ಹತ್ತಡಿ ಜಾಗವೇ ಅದರ ಉಳಿದಿರುವ ಭೂಪ್ರದೇಶ.

ಈ ಶಾಖೆಯ ಮೇಲೆ ನನಗೊಂದು ತಕರಾರಿದೆ. ಮಂಟಪದ ಚಾವಣಿಯ ಗಾಜು ಗ್ಲಾಸ್ಗೋದ್ದಾದರೂ ಅದರಲ್ಲಿರುವ ನವಿಲುಗಳು ಮೈಸೂರಿನವು. ಸುತ್ತಲ ಗೋಡೆಯ 26 ಫಲಕಗಳನ್ನು 1934ರಿಂದ 1945ರವರೆಗೆ ಬರೆದವರು ಇಲ್ಲಿನ ಕಲಾವಿದರು. ನಿಜವಾದ ಮೆರವಣಿಗೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದದ್ದರಿಂದ ಅಲ್ಲಿ ಸುಮ್ಮನೆ ತುಂಬಿಸಿದ ಜನವಿಲ್ಲ. ಒಂದು ಫಲಕದ ಮುಂದೆ ಐದು ನಿಮಿಷ ನಿಂತು ನೋಡಿ: ಕುದುರೆ ಸವಾರರು, ಬ್ಯಾಂಡಿನವರು, ಪೇಟ ಸುತ್ತಿದ ಅಧಿಕಾರಿಗಳು, ಹಿನ್ನೆಲೆಯ ಕಟ್ಟಡಗಳ ಮಹಡಿಯಲ್ಲಿ ಕಿಕ್ಕಿರಿದ ತಲೆಗಳು. ಒಂದೊಂದು ಮೂಗೂ ಬೇರೆ, ಒಂದೊಂದು ಮೀಸೆಯೂ ಬೇರೆ. ಇವರಲ್ಲಿ ಯಾರೋ ಒಬ್ಬರ ಮೊಮ್ಮಗ ಈಗ ನಿಮ್ಮ ಪಕ್ಕದಲ್ಲೇ ಟಿಕೆಟ್ ತೆಗೆದುಕೊಂಡು ನಿಂತಿರುವ ಸಂಭವ ಇಲ್ಲದಿಲ್ಲ. ಆದರೆ ಐದು ನಿಮಿಷ ಯಾರೂ ನಿಲ್ಲಗೊಡುವುದಿಲ್ಲ. ಮೈಸೂರಿನಲ್ಲಿ ಮಾಡಿದ್ದಕ್ಕೆ ದೇಶಾಂತರವಾದಿಗಳ ಬಳಿ ವಿಶೇಷಣವಿಲ್ಲ.

ಮೂರನೆಯವರು ಶಾಪವಾದಿಗಳು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡದ್ದು, ಅಲಮೇಲಮ್ಮನ ಒಡವೆಗೆ ಆಳು ಕಳಿಸಿದ್ದು, ಆಕೆ ಶಾಪ ಕೊಟ್ಟು ಮಾಲಂಗಿಯ ಮಡುವಿಗೆ ಹಾರಿದ್ದು, ತಲಕಾಡು ಮರಳಾದದ್ದು, ಒಡೆಯರ ವಂಶಕ್ಕೆ ಸಂತಾನದ ಕೊರತೆಯಾದದ್ದು ಇವರ ಪಾಠ. ವ್ಯಾಕರಣದಲ್ಲಿ ಉತ್ಸರ್ಗ, ಅಪವಾದ ಎಂದು ಎರಡು ಬಗೆಯ ಸೂತ್ರಗಳಿವೆಯಲ್ಲ, ಇವರಲ್ಲೂ ಇವೆ. ದೊರೆಗೆ ಮಕ್ಕಳಾಗವು ಎಂಬುದು ಉತ್ಸರ್ಗ. ಇಂಥ ದೊರೆಗೆ ಮಕ್ಕಳಿದ್ದರಲ್ಲ ಎಂದು ಪ್ರವಾಸಿ ಕೇಳಿದರೆ, ದತ್ತು ಬಂದವರಿಗೆ ಆಗಬಹುದು, ಅವರ ಮಕ್ಕಳಿಗೆ ಆಗದು ಎಂಬುದು ಅಪವಾದ. 2017ರ ಡಿಸೆಂಬರಿನಲ್ಲಿ ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ, ಶಾಪ ಕಳೆಯಿತು ಎಂದು ಪತ್ರಿಕೆಗಳು ಬರೆದವು. ಶಾಪವಾದಿಗಳು ವಿಚಲಿತರಾಗಲಿಲ್ಲ. ಎರಡನೆಯ ಸೂತ್ರ ಇರುವುದೇ ಇಂಥ ಹೊತ್ತಿಗೆ. ಸುರಂಗವಾದಿಗಳು ಇದರ ಉಪಶಾಖೆ. ಇವರ ಪ್ರಕಾರ ಅರಮನೆಯಿಂದ ಶ್ರೀರಂಗಪಟ್ಟಣಕ್ಕೂ ಚಾಮುಂಡಿ ಬೆಟ್ಟಕ್ಕೂ ಸುರಂಗಗಳಿವೆ, ಅವುಗಳ ಬಾಯಿ ಯಾವಾಗಲೂ ಬೀಗ ಹಾಕಿದ ಬಾಗಿಲಿನ ಹಿಂದೆಯೇ ಇರುತ್ತದೆ. ಬೀಗ ತೆಗೆದರೆ ಸ್ಟೋರ್ ರೂಮು ಕಂಡೀತೆಂಬ ಭಯದಿಂದ ಯಾರೂ ತೆಗೆಸಿಲ್ಲ.

ನಾಲ್ಕನೆಯವರು ದೃಷ್ಟಿವಾದಿಗಳು. ಮಹಾರಾಜರ ಭಾವಚಿತ್ರದ ಮುಂದೆ ಗುಂಪನ್ನು ನಿಲ್ಲಿಸಿ, 'ಎಡಕ್ಕೆ ಬನ್ನಿ, ಈಗ ಬಲಕ್ಕೆ ಬನ್ನಿ, ಶೂ ತುದಿ ನೋಡಿ' ಎನ್ನುತ್ತಾರೆ. ಶೂ ತಿರುಗುತ್ತದೆ, ಕಣ್ಣು ಹಿಂಬಾಲಿಸುತ್ತದೆ. ಚಪ್ಪಟೆ ಬಟ್ಟೆಯ ಮೇಲೆ ನೇರ ನಮ್ಮತ್ತ ನೋಡುವಂತೆ ಬರೆದ ಯಾವ ಚಿತ್ರವಾದರೂ ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತದೆ. ಚುನಾವಣೆಯ ಫ್ಲೆಕ್ಸುಗಳೂ ಇದೇ ತತ್ತ್ವದ ಮೇಲೆ ನಿಂತಿವೆ. ಆದರೂ ನಾನು ಈ ಶಾಖೆಯ ಪಕ್ಷಪಾತಿ. ಅರಮನೆಯ ಸುತ್ತಿನಲ್ಲಿ ಮಕ್ಕಳಿಗೆ ಓಡಾಡಲು ಅಪ್ಪಣೆ ಸಿಗುವ ಜಾಗ ಇದೊಂದೇ.

ಐದನೆಯವರು ನಿಷೇಧವಾದಿಗಳು. ವೇದವಾಕ್ಯಗಳನ್ನು ವಿಧಿ, ನಿಷೇಧ ಮೊದಲಾಗಿ ಮೀಮಾಂಸಕರು ವಿಂಗಡಿಸುತ್ತಾರೆ. ವಸ್ತುಸಂಗ್ರಹಾಲಯಗಳಲ್ಲಿ ಸ್ಟೂಲಿನ ಮೇಲೆ ಕೂತ ಸಿಬ್ಬಂದಿಯ ವಾಙ್ಮಯದಲ್ಲಿ ನಿಷೇಧವೇ ಎಲ್ಲ: ಮುಟ್ಟಬೇಡಿ, ಒರಗಬೇಡಿ, ಫ್ಲ್ಯಾಶ್ ಹಾಕಬೇಡಿ, ಮಗೂನ ಅಲ್ಲಿ ಕೂರಿಸಬೇಡಿ. ವಿಧಿವಾಕ್ಯ ಒಂದೇ: ಮುಂದಕ್ಕೆ ಹೋಗಿ. ಈ ಶಾಖೆಯ ಪೀಠ ಜಗನ್ಮೋಹನ ಅರಮನೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು, 1915ರಿಂದ ಚಿತ್ರಶಾಲೆ. ಬೆಂಕಿಯ ನಂತರದ ವರ್ಷಗಳಲ್ಲಿ ರಾಜಸಂಸಾರ ದಿನ ಕಳೆದ ಮನೆಯೂ ಅದೇ. 1902ರಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿಯವರಿಗೆ ಅಧಿಕಾರ ವಹಿಸಿದ್ದೂ ಅಲ್ಲೇ. ಅಲ್ಲಿ ಕತ್ತಲು ಮಾಡಿದ ಕೋಣೆಯೊಂದರಲ್ಲಿ ದೀಪ ಹಿಡಿದ ಹೆಣ್ಣುಮಗಳ ಚಿತ್ರವಿದೆ. ಬೆಳಕು ಅಂಗೈಯಿಂದ ಸೋರಿ ಬೆರಳ ಸಂದುಗಳನ್ನು ಕೆಂಪಾಗಿಸಿದೆ. ನೋಡಿದವರೆಲ್ಲ 'ರವಿವರ್ಮನದ್ದು' ಎನ್ನುತ್ತಾರೆ. ಬರೆದವರು ಎಸ್.ಎಲ್. ಹಲ್ದಂಕರ್, ಜಲವರ್ಣ, ದೀಪ ಹಿಡಿದು ನಿಂತವರು ಅವರ ಮಗಳು. ರವಿವರ್ಮ 1906ರಲ್ಲೇ ತೀರಿಕೊಂಡಿದ್ದ, ಚಿತ್ರ ಬಂದದ್ದು 1940ರ ದಶಕದಲ್ಲಿ. ಇದನ್ನು ಹೇಳಬೇಕಾದವರು ಸ್ಟೂಲಿನ ಮೇಲೆ ಕೂತಿದ್ದಾರೆ, ಆದರೆ ಅವರ ಶಾಖೆಯಲ್ಲಿ ಅದಕ್ಕೆ ಕ್ರಿಯಾಪದವಿಲ್ಲ. ಮುಂದಕ್ಕೆ ಹೋಗಿ.

ಕಿವಿಗೆ ಹಾಕಿಕೊಳ್ಳುವ ಆಡಿಯೋ ಗೈಡನ್ನು ಯಂತ್ರಾಧ್ಯಾಯಕ್ಕೆ ಬಿಟ್ಟಿದೆ. ಅದಕ್ಕೆ ಪ್ರಶ್ನೆ ಕೇಳಲಾಗುವುದಿಲ್ಲವಾದ್ದರಿಂದ ಗೊತ್ತಿಲ್ಲ ಎನ್ನುವ ಪ್ರಸಂಗವೂ ಬಾರದು; ಲಕ್ಷಣದ ಪ್ರಕಾರ ಅದು ಪರಿಪೂರ್ಣ ಗೈಡ್. ಆದರೂ ಯಾರೂ ಅದಕ್ಕೆ ಟಿಪ್ಸ್ ಕೊಟ್ಟದ್ದಿಲ್ಲ.

ಬಂಧುಗೈಡ್ ಪ್ರಕರಣ

ಐದು ಶಾಖೆಗಳಿಗೂ ಹೊರಗಿದ್ದು ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರುವವರು ಬಂಧುಗೈಡುಗಳು. ಇವರ ಉತ್ಪತ್ತಿ ದಸರಾ, ಕ್ರಿಸ್ಮಸ್ ರಜೆ ಮತ್ತು ಬೇಸಿಗೆಯಲ್ಲಿ. ಸರಸ್ವತಿಪುರದಲ್ಲೋ ಗೋಕುಲದಲ್ಲೋ ನೆಮ್ಮದಿಯಾಗಿರುವ ಮೈಸೂರಿಗರ ಮನೆಗೆ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಈಚೆಗೆ ಡಲ್ಲಾಸಿನಿಂದ ನೆಂಟರು ಬರುತ್ತಾರೆ. 'ನೀನು ಇಲ್ಲಿಯವನೇ ಅಲ್ವಾ, ಗೈಡ್ ಯಾಕೆ ದಂಡ' ಎಂಬ ಒಂದು ಮಾತಿಗೆ ಆ ಮನುಷ್ಯ ಸಿಕ್ಕಿಬೀಳುತ್ತಾನೆ. ಅವನು ಅರಮನೆಯೊಳಗೆ ಕೊನೆಯ ಸಲ ಕಾಲಿಟ್ಟದ್ದು ಏಳನೆಯ ಕ್ಲಾಸಿನ ಪ್ರವಾಸದಲ್ಲಿ. ದಿನಾ ಸ್ಕೂಟರಿನಲ್ಲಿ ಅದರ ಸುತ್ತ ಓಡಾಡಿದ್ದಾನೆ, ಭಾನುವಾರ ದೀಪ ಹತ್ತಿದಾಗ ಟ್ರಾಫಿಕ್ಕನ್ನು ಬೈದಿದ್ದಾನೆ. ಒಳಗೆ ಯಾವ ಕೋಣೆ ಆದಮೇಲೆ ಯಾವುದು ಎಂದು ತಿಳಿಯದು.

ಬಂಧುಗೈಡಿನ ಮೊದಲ ಆಯುಧ 'ಆಗಿನ ಕಾಲದಲ್ಲಿ'. ಈ ಪದಪುಂಜ 1399ರಿಂದ 1970ರವರೆಗಿನ ಎಲ್ಲವನ್ನೂ ಒಳಗೊಳ್ಳುತ್ತದೆ. ಎರಡನೆಯದು ಅಜ್ಜಾಸ್ತ್ರ. ದರ್ಬಾರ್ ಹಾಲಿನ ಕಂಬಸಾಲು ಕಂಡ ಕೂಡಲೇ, 'ನಮ್ಮ ತಾತ ಇಲ್ಲಿಗೆ ಜರತಾರಿ ಪೇಟ ಕಟ್ಟಿಕೊಂಡು ಬರುತ್ತಿದ್ದರು' ಎನ್ನುತ್ತಾನೆ. ಮೈಸೂರಿನ ಹಳೆಯ ಮನೆತನಗಳ ಹೇಳಿಕೆಗಳನ್ನೆಲ್ಲ ಕೂಡಿಸಿದರೆ ನಾಲ್ವಡಿಯವರ ದರ್ಬಾರಿನಲ್ಲಿ ತಾತಂದಿರೇ ತುಂಬಿ ಮಹಾರಾಜರಿಗೆ ಸಿಂಹಾಸನದವರೆಗೆ ದಾರಿ ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಮೂರನೆಯದು ಬ್ರಹ್ಮಾಸ್ತ್ರ, ನೆಂಟರ ಮಗಳು ಮೊಬೈಲಿನಲ್ಲಿ ಹುಡುಕಿ 'ಅಂಕಲ್, ಅದು ಹಾಗಲ್ವಂತೆ' ಎಂದಾಗ ಮಾತ್ರ ಪ್ರಯೋಗಿಸತಕ್ಕದ್ದು: 'ನಡೀರಿ, ಮೈಲಾರಿಯಲ್ಲಿ ದೋಸೆ ಮುಗಿದುಹೋಗುತ್ತೆ.' ಇದಕ್ಕೆ ಪ್ರತ್ಯಸ್ತ್ರ ಈವರೆಗೆ ಕಂಡುಬಂದಿಲ್ಲ.

ಬಂಧುಗೈಡಿನ ಬಗ್ಗೆ ವಿದ್ವಾಂಸರಿಗೆ ತಾತ್ಸಾರವಿದೆ, ನನಗಿಲ್ಲ. ತಾತನ ಪೇಟದ ಕಥೆ ಹತ್ತರಲ್ಲಿ ಒಂದಾದರೂ ನಿಜ. ಆ ಒಂದು ಪೇಟಕ್ಕೆ ಗಂಜಿ ಹಾಕಿದ್ದು ಯಾವ ಬೀದಿಯಲ್ಲಿ, ದರ್ಬಾರಿಗೆ ಹೊರಟ ತಾತ ಮನೆಯಲ್ಲಿ ಎಷ್ಟು ಗಲಾಟೆ ಎಬ್ಬಿಸುತ್ತಿದ್ದರು ಎಂಬುದು ಸರ್ಕಾರಿ ಲೈಸೆನ್ಸಿನ ಪಠ್ಯದಲ್ಲಿ ಸಿಗುವುದಿಲ್ಲ.

ಶ್ರೋತೃ ಪ್ರಕರಣ

ಕೇಳುಗರ ವಿಭಾಗ ಚಿಕ್ಕದು. ಶಾಲಾ ಪ್ರವಾಸದ ಮಕ್ಕಳು ಕೇಳುಗರಲ್ಲ, ಪ್ರವಾಹ; ಅವರಿಗೆ ಗೈಡ್ ಬೇಡ, ಮೇಷ್ಟ್ರ ಸೀಟಿ ಸಾಕು. ವಿದೇಶೀಯರು ತಲೆ ಆಡಿಸುತ್ತಾರೆ; ನಮ್ಮವರು ತಲೆ ಆಡಿಸುವುದಕ್ಕಿಂತ ಬೇರೆ ರೀತಿ ಆಡಿಸುವುದರಿಂದ ಹೊಸ ಗೈಡುಗಳಿಗೆ ಗೊಂದಲ. ಅಭ್ಯಾಸಕ್ಕೆ ಯೋಗ್ಯರಾದವರು ಪರಾನ್ನಶ್ರೋತೃಗಳು, ಅಂದರೆ ದುಡ್ಡು ಕೊಟ್ಟವರ ಗುಂಪಿನಿಂದ ಎರಡು ಹೆಜ್ಜೆ ದೂರದಲ್ಲಿ ಕಂಬ ನೋಡುವ ನಟನೆ ಮಾಡುತ್ತ ಪುಕ್ಕಟೆ ಕೇಳುವವರು. ಗೈಡ್ ಧ್ವನಿ ತಗ್ಗಿಸಿದರೆ ಇವರು ಒಂದು ಹೆಜ್ಜೆ ಹತ್ತಿರ ಬರುತ್ತಾರೆ, ಭಾಷೆ ಇಂಗ್ಲಿಷಿಗೆ ಬದಲಾಯಿಸಿದರೆ ಎರಡು. ನನಗೆ ಗೊತ್ತಿರುವ ಅರಮನೆಯ ಸಂಗತಿಗಳಲ್ಲಿ ಬಹುಪಾಲು ನಾನು ಹೀಗೇ ಸಂಪಾದಿಸಿದ್ದು.

ಒಮ್ಮೆ ಅಂಬಾವಿಲಾಸದ ಬಳಿ ಹೀಗೆ ಕಂಬ ನೋಡುತ್ತಿದ್ದಾಗ ನಡೆದ ಸಂವಾದವನ್ನು ಪ್ರಮಾಣವಾಗಿ ಕೊಡುತ್ತೇನೆ. ಮಂಡ್ಯ ಕಡೆಯ ಒಂದು ಸಂಸಾರ. ಗೈಡ್ ಆನೆದಂತದ ಕುಸುರಿಯ ಬಾಗಿಲು ತೋರಿಸಿ, ಖಾಸಾ ದರ್ಬಾರು ಇಲ್ಲೇ ನಡೀತಿದ್ದದ್ದು ಎಂದರು. ಗುಂಪಿನ ಅಜ್ಜಿ ಬಾಗಿಲನ್ನು ಬಿಟ್ಟು ಬಾಗಿಲಿನಾಚೆ ನೋಡುತ್ತಿದ್ದರು.

'ಅದ್ಸರಿ ಕಣಪ್ಪಾ, ಉಣ್ತಿದ್ದದ್ದೆಲ್ಲಿ?'

'ಅದು ಹಿಂದ್ಗಡೆ ಅಜ್ಜಿ.'

'ಮಲಗ್ತಿದ್ದದ್ದು?'

'ಅದೂ ಹಿಂದ್ಗಡೆ.'

'ಮಕ್ಕಳಿಗೆ ನೀರು ಹುಯ್ತಿದ್ದದ್ದು?'

'ಎಲ್ಲಾ ಹಿಂದ್ಗಡೇನೇ ಅಜ್ಜಿ. ಅಲ್ಲಿಗೆ ಬಿಡಲ್ಲ.'

'ಮತ್ತೆ ಇಲ್ಲೇನ್ ಮಾಡ್ತಿದ್ರು?'

ಗೈಡ್ ಒಂದು ಕ್ಷಣ ಯೋಚಿಸಿದರು. ಲಕ್ಷಣಕ್ಕೆ ಭಂಗ ಬರಬಾರದಲ್ಲ.

'ಕೂತ್ಕೋತಿದ್ರು.'

ವಿಲೋಮ ನ್ಯಾಯ

ಈ ಅಜ್ಜಿಯ ನಾಲ್ಕು ಪ್ರಶ್ನೆಗಳ ಮೇಲೆ ಪ್ರಸ್ತುತ ಗ್ರಂಥದ ಏಕೈಕ ಸೂತ್ರ ನಿಂತಿದೆ: ಜನ ಬಾಳಿದ ಕೋಣೆಯಲ್ಲಿ ಮಾತು ಕಡಿಮೆ, ಕೂತು ಎದ್ದುಹೋದ ಕೋಣೆಯಲ್ಲಿ ಮಾತು ಜಾಸ್ತಿ. ಪ್ರವಾಸಿಯ ದಾರಿ ಗೊಂಬೆ ತೊಟ್ಟಿ, ಆನೆ ಬಾಗಿಲು, ಕಲ್ಯಾಣ ಮಂಟಪ, ಭಾವಚಿತ್ರಗಳು, ದರ್ಬಾರ್ ಹಾಲು, ಅಂಬಾವಿಲಾಸ ಎಂದು ಸಾಗುತ್ತದೆ. ಎಲ್ಲವೂ ಇನ್ನೊಬ್ಬರು ನೋಡಲಿ ಎಂದೇ ಕಟ್ಟಿದವು. ಗೈಡಿಗೆ ಅಲ್ಲಿ ಮಾತು ಹರಿಯುವುದು ಸಹಜ. ಒಡೆಯರ ಕುಟುಂಬಕ್ಕೆ ಅರಮನೆಯ ಒಂದು ಭಾಗ ಇಂದಿಗೂ ಮನೆ. ಆ ಕಡೆ ನಮಗೆ ಪ್ರವೇಶವಿಲ್ಲದಿರುವುದು ನ್ಯಾಯವೇ. ನಮ್ಮ ಮನೆಯ ಬಚ್ಚಲಿಗೆ ಯಾರಾದರೂ ಟಿಕೆಟ್ ತೆಗೆದುಕೊಂಡು ಬಂದರೆ ನಮಗೂ ಆಗದು. ನನ್ನ ತಕರಾರು ಬಾಗಿಲು ಮುಚ್ಚಿದ್ದರ ಮೇಲಲ್ಲ, ಬಾಯಿ ಮುಚ್ಚಿದ್ದರ ಮೇಲೆ. ಅಡುಗೆಮನೆ ಗೈಡಿನ ಕಥೆಯಲ್ಲಿ ಒಂದೇ ಒಂದು ಸಲ ಬರುತ್ತದೆ: ಕಾಕಾಸುರ ಮಾದಪ್ಪ ಎಂಬ ಬಾಣಸಿಗ ದೊರೆಗೆ ಬಡಿಸಲು ಕಡಲೆಹಿಟ್ಟು, ತುಪ್ಪ, ಸಕ್ಕರೆ ಕಲಸಿ ಪಾಕ ಇಳಿಸಿದ, ಅದೇ ಮೈಸೂರು ಪಾಕ್ ಎಂಬಲ್ಲಿ. ಆ ಕಥೆಯೂ ಮುಗಿಯುವುದು ಒಲೆಯ ಮುಂದಲ್ಲ, ಸಯ್ಯಾಜಿ ರಾವ್ ರಸ್ತೆಯ ಮಿಠಾಯಿ ಅಂಗಡಿಯ ಮುಂದೆ. ಕೆಂಪನಂಜಮ್ಮಣ್ಣಿಯವರಿಗೆ ಒಂದೇ ವಾಕ್ಯ ಸಿಗುವುದೂ ಇದೇ ನ್ಯಾಯದಿಂದ. ಅವರು ಸಿಂಹಾಸನದಲ್ಲಿ ಕೂತವರಲ್ಲ, ಮನೆ ಕಟ್ಟಿಸಿದವರು.

ಸೂತ್ರದ ಮೊದಲ 'ಮಾತು ಕಡಿಮೆ' ಎಂಬ ಪಾದಕ್ಕೂ ಉದಾಹರಣೆ ಕೊಡಬೇಕು. 1897ರ ಮದುವೆಯ ಮದುಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ ಈಗ ಮಾನಸಗಂಗೋತ್ರಿಯ ಆವರಣದಲ್ಲಿದೆ. 1959ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂದು, ಮುಂದೆ ಜಾನಪದ ವಸ್ತುಸಂಗ್ರಹಾಲಯವಾಯಿತು. ಮದುವೆಯಲ್ಲಿ ತವರು ಸುಟ್ಟುಹೋದ ಹೆಣ್ಣುಮಗಳ ಸಂಸಾರದ ಮನೆ ಅದು. ಅರಮನೆಯ ಬೆಂಕಿಯ ಕಥೆ ಹೇಳುವ ಗೈಡುಗಳು ಕಥಾನಾಯಕಿಯ ಆ ಮನೆಯತ್ತ ಕೈ ತೋರಿಸಿದ್ದನ್ನು ನಾನು ಕಂಡಿಲ್ಲ. ಕುಪ್ಪಳಿಯ ಕವಿಮನೆಯಲ್ಲಿ ಅಡುಗೆಮನೆಯ ಪಾತ್ರೆ ಪರಡಿಯಿಂದ ಹಿಡಿದು ಕುವೆಂಪು ಅವರ ಮದುವೆಯ ಮಂಟಪದವರೆಗೆ ಅಜ್ಜಿ ಕೇಳಿದ್ದೆಲ್ಲವೂ ಇದೆ. ಅಲ್ಲಿ ವಿವರಣೆಯ ಕೆಲಸ ಬೋರ್ಡುಗಳದ್ದು.

ಶುದ್ಧ ಉದಾಹರಣೆ ಸಿಗುವುದು ಮೈಸೂರಿನ ಯಾದವಗಿರಿಯಲ್ಲಿ. ನಾರಾಯಣ್ 1950ರ ದಶಕದ ಆರಂಭದಲ್ಲಿ ಅಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದರು. ಮಹಡಿಯ ಮೇಲೆ ಎಂಟು ಕಿಟಕಿಗಳ ಅರ್ಧವೃತ್ತದ ಓದುಕೋಣೆ. ಅಲ್ಲಿಂದ ಚಾಮುಂಡಿ ಬೆಟ್ಟ, ಮೇಯುವ ದನ, ಹಾದುಹೋಗುವ ರೈಲು ಕಾಣುತ್ತಿದ್ದವೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅವರು 2001ರಲ್ಲಿ ತೀರಿಕೊಂಡರು. 2011ರಲ್ಲಿ ಮನೆ ಕೆಡವಲು ಶುರುವಾಗಿ, ಊರವರ ಗದ್ದಲದಿಂದ ನಿಂತು, ನಗರಪಾಲಿಕೆ ಕೊಂಡು ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೋಟು, ಮಫ್ಲರು, ಕನ್ನಡಕ, ಪದ್ಮ ಪ್ರಶಸ್ತಿಗಳು, ಪುಸ್ತಕಗಳು ಇವೆ. ಉಂಡ ಜಾಗ, ಮಲಗಿದ ಜಾಗ, ಬರೆದ ಜಾಗ ಎಲ್ಲಕ್ಕೂ ಹೋಗಬಹುದು, ಹಿಂದ್ಗಡೆ ಎಂಬುದೇ ಇಲ್ಲ. 'ದ ಗೈಡ್' ಬರೆದವರ ಮನೆಯಲ್ಲಿ ಇಲ್ಲದಿರುವುದು ಗೈಡ್ ಮಾತ್ರ.

ಬಂದವರು ಏನು ಕೇಳುತ್ತಾರೆ? ಮಾಲ್ಗುಡಿ ಇದೇನಾ ಎಂದು. ಶಂಕರ್‌ನಾಗ್ ಸೀರಿಯಲ್ ನೋಡಿ ಬೆಳೆದವರಿಗೆ ಮಾಲ್ಗುಡಿ ಎಂದರೆ ಆಗುಂಬೆ. ಅವರು ತಪ್ಪು ಊರಿಗೆ ಬಂದೆವೇನೋ ಎಂಬ ಮುಖದಲ್ಲಿ ಮಹಡಿ ಹತ್ತುತ್ತಾರೆ. ಆಮೇಲೆ ಕಿಟಕಿಗಳ ಮುಂದೆ ನಿಂತು, 'ದ ಗೈಡ್ ಬರೆದದ್ದು ಇಲ್ಲೇ ಇರಬೇಕು' ಎಂದು ತಮ್ಮ ತಮ್ಮಲ್ಲೇ ತೀರ್ಮಾನಿಸುತ್ತಾರೆ. ಬರೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಹೋಟೆಲ್ ಕೋಣೆಯೊಂದರಲ್ಲಿ. ತಿದ್ದಲು ಅಲ್ಲಿ ಯಾರೂ ಇಲ್ಲ. ಸುಳ್ಳನ್ನು ಇನ್ನಷ್ಟು ಸೊಗಸು ಮಾಡಲು ರಾಜುವೂ ಇಲ್ಲ. ನಗರಪಾಲಿಕೆಯವರು ಒಬ್ಬ ಬಂಧುಗೈಡನ್ನಾದರೂ ಮೆಟ್ಟಿಲ ಬಳಿ ನಿಲ್ಲಿಸಬಾರದೇ ಎಂಬುದು ನನ್ನ ಅಹವಾಲು. ತಾತ ನಾರಾಯಣ್ ಅವರೊಡನೆ ವಾಕಿಂಗ್ ಹೋಗುತ್ತಿದ್ದರು ಎನ್ನುವವರು ಯಾದವಗಿರಿಯಲ್ಲಿ ಬೀದಿಗೆ ನಾಲ್ವರು ಸಿಗುತ್ತಾರೆ.

ಕೊನೆಗೆ ಉಳಿದದ್ದು ಗೃಹಸ್ವಾಮಿಯೇ ಗೈಡಾಗುವ ಪ್ರಭೇದ. ಇದಕ್ಕೆ ನನ್ನ ಬಳಿ ಇರುವ ದೃಷ್ಟಾಂತ ಒಂದೇ, ಅದೂ ನಾರಾಯಣ್ ಅವರದ್ದೇ. 'ಗೈಡ್' ಸಿನಿಮಾ ಮಾಡಲು ಹೊರಟ ತಂಡ ಮಾಲ್ಗುಡಿಯನ್ನು ಹುಡುಕಿಕೊಂಡು ಮೈಸೂರಿಗೆ ಬಂದಾಗ ಅವರು ಸ್ವತಃ ಮುಂದೆ ನಿಂತು ಸುತ್ತಾಡಿಸಿದರು. ನದಿ, ಅದರ ಮೆಟ್ಟಿಲು, ಮರದಡಿಯ ಸಣ್ಣ ಗುಡಿ, ಹಳ್ಳಿ, ತಮ್ಮ ಕಥೆಗೆ ಬೇಕಾದದ್ದೆಲ್ಲ ಎಲ್ಲೆಲ್ಲಿದೆಯೋ ಅಲ್ಲಲ್ಲಿಗೆ ಕರೆದೊಯ್ದರು. ಮಾಲ್ಗುಡಿಯ ವಿಷಯದಲ್ಲಿ ಗೊತ್ತಿಲ್ಲ ಎನ್ನುವ ಪ್ರಮೇಯವೇ ಇಲ್ಲದ ಏಕೈಕ ಗೈಡ್ ಅವರು. ತಂಡದವರು ಎಲ್ಲವನ್ನೂ ಮೆಚ್ಚಿ ನೋಡಿದರು. ಹೋಗಿ ರಾಜಸ್ಥಾನದಲ್ಲಿ ಶೂಟಿಂಗ್ ಮಾಡಿದರು.